ಅಂಕಿತಚಿತ್ರ: ತಂತ್ರಾಂಶದ ಆಯ್ಕೆ ಮತ್ತು ರಚನೆಯ ಮೊದಲ ಪಾಠ

ಬಸವಣ್ಣನವರ ವಚನಗಳ ಕೊನೆಯಲ್ಲಿ ಕೂಡಲಸಂಗಮದೇವನ ಹೆಸರೂ ಪುರಂದರದಾಸರ ಪದಗಳ ಕೊನೆಯಲ್ಲಿ ಪುರಂದರವಿಠಲನ ಹೆಸರೂ ಬರುವುದನ್ನು ನಾವೆಲ್ಲರೂ ತರಗತಿಯಲ್ಲಿ ಓದಿದ್ದೇವೆ. ಇದಕ್ಕೆ ಅಂಕಿತವೆಂದು ಹೆಸರು. ಪದವು ಬಾಯಿಂದ ಬಾಯಿಗೆ ಹರಿದು ಎಷ್ಟು ದೂರ ಸಾಗಿದರೂ ಅದು ಇಂಥವರದೆಂದು ಕೇಳಿದವರಿಗೆ ತಿಳಿಯುತ್ತಿದ್ದುದು ಈ ಅಂಕಿತದಿಂದಲೇ. ಇಂದು ಬಾಯಿಂದ ಬಾಯಿಗೆ ಹೋಗುವುದಕ್ಕಿಂತ ಮೊಬೈಲಿನಿಂದ ಮೊಬೈಲಿಗೆ ಹೋಗುವುದೇ ಹೆಚ್ಚು. ಹಾಗೆ ಹೋಗುವ ಚಿತ್ರದ ಮೂಲೆಯಲ್ಲಾಗಲಿ, ಇ-ಮೇಲ್ ಪತ್ರದ ಕೊನೆಯಲ್ಲಾಗಲಿ ಇಡತಕ್ಕ, ಹೆಸರು ಊರುಗಳನ್ನೂ ಒಂದು ಸಣ್ಣ ಗುರುತನ್ನೂ ಒಳಗೊಂಡ ಅಡ್ಡಪಟ್ಟಿಯನ್ನು ನಾನು ಈ ಲೇಖನದಲ್ಲಿ ಅಂಕಿತಚಿತ್ರವೆಂದು ಕರೆಯುತ್ತೇನೆ. ಅದನ್ನು ಮಾಡಲು ಯಾವ ತಂತ್ರಾಂಶವನ್ನು ಆರಿಸಬೇಕು, ಹೇಗೆ ಮಾಡಬೇಕು ಎಂಬಿವೇ ಇಲ್ಲಿನ ಎರಡು ವಿಷಯಗಳು.

ನಾನು ಕಲಾವಿಭಾಗದ ವಿದ್ಯಾರ್ಥಿನಿ. ಗಣಕಶಾಸ್ತ್ರವನ್ನು ಕ್ರಮವಾಗಿ ಕಲಿತವಳಲ್ಲ. ಆದರೂ ಈ ಕೆಲಸವನ್ನು ಕಲಿಯುವಾಗ ನಾನು ಎಡವಿದ ಜಾಗಗಳು ನನಗೆ ಚೆನ್ನಾಗಿ ಗೊತ್ತಿವೆ. ನನ್ನ ಹಿಂದೆ ಬರುವವರು ಅಲ್ಲಿಯೇ ಎಡವದಿರಲೆಂಬ ಆಶೆಯಿಂದ ಬರೆದಿದ್ದೇನೆ. ಬಲ್ಲವರು ತಪ್ಪಿದ್ದಲ್ಲಿ ತಿದ್ದಬೇಕು.

೧. ಕಲಿಯಲು ಕಾರಣ

ಸಾಗರ, ಸೊರಬ, ಸಿದ್ದಾಪುರ, ಶಿರಸಿಗಳ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆ ಬರೆಯುವ ಪದ್ಧತಿಯನ್ನು ವಾಚಕರಲ್ಲಿ ಹಲವರು ಬಲ್ಲರು. ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅರೆದ ಅಕ್ಕಿಯ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇಷ್ಟೇ ಬಣ್ಣ. ಪುಂಡಿನಾರೇ ಕುಂಚ. ಅಳತೆಗೋಲಿಲ್ಲದೆ ಎಳೆಯ ಪಕ್ಕಕ್ಕೆ ಎಳೆ ಕೂಡಿಸುತ್ತ ಹೋಗುವ ಈ ಚಿತ್ತಾರವನ್ನು ಕೋಲಸಿರ್ಸಿಯ ನಮ್ಮ ಮನೆಯಲ್ಲಿ ಬರೆಯುವವಳು ನನ್ನ ಅವ್ವ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು.

ಎರಡು ವರ್ಷಗಳ ಹಿಂದೆ ದೊಡ್ಡಪ್ಪನ ಮಗಳ ಮದುವೆಗೆ ಅವ್ವ ಹಸೆಗೋಡೆ ಬರೆದಳು. ಬಂದ ನೆಂಟರಲ್ಲಿ ಹಲವರು ಅದರ ಫೋಟೋ ತೆಗೆದುಕೊಂಡರು. ಮರುವರ್ಷ ಯಾರದೋ ಮದುವೆಯ ಕರೆಯೋಲೆ ನಮ್ಮ ಮನೆಗೆ ಬಂತು. ಅದರ ಮುಖಪುಟದ ಮೇಲೆ ಇದ್ದುದು ಅದೇ ಚಿತ್ತಾರ. ಹೇಗೆ ಗುರುತು ಹಿಡಿದೆವೆಂದು ಕೇಳಬಹುದು. ಬರೆಯುವ ದಿನ ಕೊಟ್ಟಿಗೆಯಲ್ಲಿ ದನ ಹಗ್ಗ ಬಿಚ್ಚಿಕೊಂಡಿತೆಂದು ಅವ್ವ ನಡುವೆ ಎದ್ದು ಹೋಗಿದ್ದಳು. ತಿರುಗಿ ಬಂದಾಗ ಎಡಮೂಲೆಯಲ್ಲಿ ಒಂದು ಎಳೆ ಬಿಟ್ಟುಹೋಗಿತ್ತು. ಕರೆಯೋಲೆಯಲ್ಲಿಯೂ ಎಡಮೂಲೆಯಲ್ಲಿ ಒಂದು ಎಳೆ ಇರಲಿಲ್ಲ. ಬರೆದವಳ ಹೆಸರಂತೂ ಎಲ್ಲಿಯೂ ಇರಲಿಲ್ಲ.

ನನಗೆ ಸಿಟ್ಟು ಬಂತು. ಅವ್ವ ನಕ್ಕಳು. “ಗೋಡೆ ಮೇಲಿನದು ಮಳೆಗಾಲಕ್ಕೆ ಹೋಗ್ತದೆ. ಅದಕ್ಕೆಲ್ಲ ಹೆಸರು ಎಂತಕ್ಕೆ ಮಗಾ?” ಎಂದಳು. ಸ್ವಲ್ಪ ಹೊತ್ತು ಕಾಗದವನ್ನು ನೋಡುತ್ತ ಕುಳಿತು, “ನಾ ಬಿಟ್ಟ ತಪ್ಪೇ ನನ್ನ ಹೆಸರಾತು ನೋಡು” ಎಂದಳು. ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಒಬ್ಬರ ಕೆಲಸವನ್ನು ಅದರ ತಪ್ಪಿನಿಂದ ಗುರುತಿಸುವುದಕ್ಕಿಂತ ಹೆಸರಿನಿಂದ ಗುರುತಿಸುವುದು ಮೇಲಲ್ಲವೇ? ಅಂದಿನಿಂದ ನಾನು ಈ ಪಾಠಕ್ಕೆ ತೊಡಗಿದೆ.

೨. ಚಿತ್ರಗಳಲ್ಲಿ ಎರಡು ಬಗೆ

ತಂತ್ರಾಂಶವನ್ನು ಆರಿಸುವ ಮುನ್ನ ಗಣಕದಲ್ಲಿ ಚಿತ್ರವು ಎರಡು ಬಗೆಯಾಗಿ ಇರುತ್ತದೆಂಬುದನ್ನು ತಿಳಿಯಬೇಕು.

ಮೊದಲನೆಯದು ಚುಕ್ಕಿಗಳಿಂದಾದದ್ದು. ನೇಯ್ದ ಬಟ್ಟೆಯನ್ನು ಕಣ್ಣಿಗೆ ಹತ್ತಿರ ಹಿಡಿದರೆ ನೂಲಿನ ಚೌಕಗಳು ಕಾಣುವಂತೆ, ಈ ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸಣ್ಣ ಸಣ್ಣ ಬಣ್ಣದ ಚೌಕಗಳು ಕಾಣುತ್ತವೆ. ಇವೇ ಪಿಕ್ಸೆಲುಗಳು. ಮೊಬೈಲಿನ ಫೋಟೋ ಈ ಬಗೆಯದು. ಇದನ್ನು ಕುಗ್ಗಿಸಬಹುದು, ಹಿಗ್ಗಿಸಿದರೆ ಮಾತ್ರ ಅಂಚುಗಳು ಮಬ್ಬಾಗುತ್ತವೆ, ಏಕೆಂದರೆ ಇಲ್ಲದ ಚುಕ್ಕಿಗಳನ್ನು ಯಂತ್ರವು ಊಹೆಯಿಂದ ತುಂಬಬೇಕಾಗುತ್ತದೆ.

ಎರಡನೆಯದು ರೇಖೆಗಳ ಲೆಕ್ಕದಿಂದಾದದ್ದು. ಇದನ್ನು ವೆಕ್ಟರ್ ಎನ್ನುತ್ತಾರೆ. ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿಯನ್ನು ನೆನೆಯಿರಿ. ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಎಳೆಯಬೇಕೆಂಬ ಕ್ರಮ ಗೊತ್ತಿದ್ದರೆ ಅಂಗೈಯಗಲದ ರಂಗೋಲಿಯನ್ನೂ ಅಂಗಳದಗಲದ ರಂಗೋಲಿಯನ್ನೂ ಹಾಕಬಹುದು, ರೂಪ ಕೆಡದು. ವೆಕ್ಟರ್ ಚಿತ್ರದಲ್ಲಿ ಯಂತ್ರವು ನೆನಪಿಡುವುದು ಈ ಕ್ರಮವನ್ನೇ ಹೊರತು ಚುಕ್ಕಿಗಳನ್ನಲ್ಲ. ಅಕ್ಷರಗಳೂ ಎಳೆಯ ಚಿತ್ತಾರಗಳೂ ಈ ಬಗೆಗೆ ಬಹಳ ಒಗ್ಗುತ್ತವೆ.

ಆದುದರಿಂದ ಫೋಟೋ ಸೇರಿದ ಅಂಕಿತಚಿತ್ರಕ್ಕೆ ಮೊದಲ ಬಗೆಯ ತಂತ್ರಾಂಶ, ಬರಿಯ ಅಕ್ಷರ ಮತ್ತು ರೇಖೆಗಳ ಅಂಕಿತಚಿತ್ರಕ್ಕೆ ಎರಡನೆಯ ಬಗೆಯ ತಂತ್ರಾಂಶ ಎಂದು ಸ್ಥೂಲವಾಗಿ ಹೇಳಬಹುದು.

೩. ಆರಿಸುವ ಮುನ್ನ ಕೇಳತಕ್ಕ ಮೂರು ಪ್ರಶ್ನೆಗಳು

ಯಾವುದು ಶ್ರೇಷ್ಠವಾದ ತಂತ್ರಾಂಶವೆಂದು ಕೇಳುವವರೇ ಹೆಚ್ಚು. ನಾನೂ ಹಾಗೆಯೇ ಕೇಳಿದವಳು. ನನಗೆ ಒದಗುವುದು ಯಾವುದೆಂದು ಕೇಳುವುದೇ ಸರಿ ಎಂದು ಈಗ ತಿಳಿದಿದೆ. ಅದಕ್ಕೆ ಮೂರು ಪರೀಕ್ಷೆಗಳಿವೆ.

ಮೊದಲನೆಯದು ಅಕ್ಷರದ ಪರೀಕ್ಷೆ. ಇಂಗ್ಲಿಷಿನ ಅಕ್ಷರಗಳು ಒಂದರ ಪಕ್ಕದಲ್ಲೊಂದು ಕುಳಿತರೆ ಸಾಕು. ನಮ್ಮ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯಬೇಕು, ಗುಣಿತ ತಲೆಗೆ ಅಂಟಬೇಕು, ಅರ್ಕಾವತ್ತು ಉಚ್ಚಾರದಲ್ಲಿ ಮೊದಲಾದರೂ ಬರವಣಿಗೆಯಲ್ಲಿ ಹಿಂದೆ ಬರಬೇಕು. ಈ ಜೋಡಣೆ ಬಾರದ ತಂತ್ರಾಂಶದಲ್ಲಿ ಕನ್ನಡದ ಹೆಸರು ಒಡೆದುಹೋಗುತ್ತದೆ. ನಾನು ಯಾವ ಹೊಸ ತಂತ್ರಾಂಶವನ್ನು ತೆರೆದರೂ ಮೊದಲು ಬೆರಳಚ್ಚಿಸುವುದು ನನ್ನ ಊರಿನ ಹೆಸರನ್ನು. ‘ಕೋಲಸಿರ್ಸಿ’ ಎಂಬುದರಲ್ಲಿ ಓಕಾರವೂ ಇದೆ, ಗುಡಿಸೂ ಇದೆ, ಅರ್ಕಾವತ್ತೂ ಇದೆ. ಆ ನಾಲ್ಕಕ್ಷರ ಸರಿಯಾಗಿ ಮೂಡಿದರೆ ನನ್ನ ಮಟ್ಟಿಗೆ ಆ ತಂತ್ರಾಂಶವು ಪಾಸಾದಂತೆ. ವಾಚಕರೂ ತಮ್ಮ ಊರಿನ ಅಥವಾ ಮನೆತನದ ಹೆಸರಿನಿಂದ ಹೀಗೆ ಪರೀಕ್ಷಿಸಬಹುದು.

ಇಲ್ಲಿ ಯೂನಿಕೋಡಿನ ಮಾತನ್ನೂ ಹೇಳಬೇಕು. ಜಗತ್ತಿನ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ನಿಶ್ಚಯಿಸಿದ ಈ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ಆದರೆ ನಮ್ಮ ಮುದ್ರಣಾಲಯಗಳಲ್ಲಿ ಬಹುಕಾಲ ಬಳಕೆಯಾದ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಆ ಶೈಲಿಯಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ೧೯೯೮ರಲ್ಲಿ ಬಂದ ಬರಹವಾಗಲಿ, ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಎರಡರಲ್ಲಿಯೂ ಇಂದು ಯೂನಿಕೋಡಿನಲ್ಲಿ ಬರೆಯಲು ಅವಕಾಶವಿದೆ. ನುಡಿಯ ಕೀಲಿಮಣೆಯ ವಿನ್ಯಾಸಕ್ಕೆ ಮೂಲ ಕೆ. ಪಿ. ರಾವ್ ಅವರದು. ಹೊಸಬರು ಮೊದಲಿನಿಂದಲೇ ಯೂನಿಕೋಡಿನ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಎರಡನೆಯದು ಯಂತ್ರದ ಪರೀಕ್ಷೆ. ಇರುವ ಗಣಕವು ಆ ತಂತ್ರಾಂಶದ ಭಾರವನ್ನು ಹೊರಬಲ್ಲುದೇ? ಕಾಲೇಜಿನ ಪ್ರಯೋಗಶಾಲೆಯ ಹಳೆಯ ಯಂತ್ರದಲ್ಲಿ ಭಾರಿ ತಂತ್ರಾಂಶವನ್ನು ಹಾಕಿ, ಒಂದು ಗೆರೆ ಎಳೆದು, ಅದು ಮೂಡುವವರೆಗೆ ಕಾಯುತ್ತ ಕುಳಿತರೆ ಕಲಿಯುವ ಉತ್ಸಾಹವೇ ಆರಿಹೋಗುತ್ತದೆ. ಜಾಲದ ಸಂಪರ್ಕವಿಲ್ಲದೆ ನಡೆಯದ ತಂತ್ರಾಂಶವೂ ನಮ್ಮ ಕಡೆಗೆ ಕಷ್ಟವೇ. ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಊರಿನಲ್ಲಿ ಅದರ ಬೆನ್ನಿಗೇ ಸಿಗ್ನಲ್ಲೂ ಹೋಗುತ್ತದೆ.

ಮೂರನೆಯದು ಹಕ್ಕಿನ ಪರೀಕ್ಷೆ. ಹಣ ಕೊಟ್ಟು ಕೊಳ್ಳಬೇಕಾದ ತಂತ್ರಾಂಶದ ಕದ್ದ ಪ್ರತಿಗಳು ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಓಡಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೊದಮೊದಲು ನಾನೂ ಅಂಥದೊಂದು ಪ್ರತಿಗಾಗಿ ಗೆಳತಿಯನ್ನು ಕೇಳಿದ್ದೆ. ಬಳಿಕ ನನಗೇ ನಾಚಿಕೆಯಾಯಿತು. ಅವ್ವನ ಕೆಲಸವನ್ನು ಹೆಸರು ಹೇಳದೆ ಎತ್ತಿಕೊಂಡರೆಂದು ಸಿಟ್ಟಾದ ನಾನು, ಬೇರೊಬ್ಬರ ಕೆಲಸವನ್ನು ಕೇಳದೆ ಎತ್ತಿಕೊಂಡು ಅದರಲ್ಲಿ ಅವ್ವನ ಹೆಸರನ್ನು ಬರೆಯಬಹುದೇ? ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಕಾಯಿದೆಯು ತಂತ್ರಾಂಶಕ್ಕೂ ಅನ್ವಯಿಸುತ್ತದೆ. ಅದೇ ಕಾಯಿದೆಯ ೫೭ನೆಯ ಕಲಮಿನ ಪ್ರಕಾರ, ಕೃತಿಯ ಹಕ್ಕನ್ನು ಬೇರೆಯವರಿಗೆ ಮಾರಿದ ಬಳಿಕವೂ ಅದು ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕರ್ತೃವಿಗೆ ಉಳಿಯುತ್ತದೆ. ಈ ಕಲಮನ್ನು ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

೪. ಇರುವ ತಂತ್ರಾಂಶಗಳು

ಪೇಂಟ್ ಎಂಬುದು ೧೯೮೫ರ ವಿಂಡೋಸಿನ ಮೊದಲ ಆವೃತ್ತಿಯಿಂದಲೂ ಜೊತೆಗೇ ಬಂದದ್ದು. ಕತ್ತರಿಸಲು, ಕುಗ್ಗಿಸಲು, ಮೌಸ್ ಹಿಡಿಯುವ ಕೈ ಪಳಗಿಸಿಕೊಳ್ಳಲು ಸಾಕು. ಕೆಲಸ ಬೆಳೆದಂತೆ ಅದರ ಮಿತಿ ತಿಳಿಯುತ್ತದೆ.

ಥಾಮಸ್ ಮತ್ತು ಜಾನ್ ನಾಲ್ ಸೋದರರು ರಚಿಸಿದ ಫೋಟೋಶಾಪ್ ೧೯೯೦ರಲ್ಲಿ ಮಾರಾಟಕ್ಕೆ ಬಂತು. ಫೋಟೋ ತಿದ್ದುವವರಲ್ಲಿ ಅದರ ಹೆಸರೇ ಕ್ರಿಯಾಪದವಾಗಿಹೋಗಿದೆ. ಕೋರೆಲ್‌ಡ್ರಾ ೧೯೮೯ರದು, ನಮ್ಮ ಮುದ್ರಣಾಲಯಗಳಲ್ಲಿಯೂ ಬ್ಯಾನರ್ ಅಂಗಡಿಗಳಲ್ಲಿಯೂ ಅದರ ಬಳಕೆ ಹೆಚ್ಚು. ಎರಡೂ ಹಣ ಕೊಟ್ಟು ಕೊಳ್ಳುವಂಥವು. ಈ ಕಸುಬನ್ನೇ ಜೀವನೋಪಾಯವಾಗಿ ಹಿಡಿಯುವವರು ಮುಂದೆ ಕಲಿಯಬಹುದು.

ಗಿಂಪ್ ಎಂಬ ತಂತ್ರಾಂಶವನ್ನು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬಿಬ್ಬರು ಆರಂಭಿಸಿದರು. ೧೯೯೬ರಲ್ಲಿ ಸಾರ್ವಜನಿಕರ ಕೈಗೆ ಬಂತು. ನಮ್ಮಂತೆಯೇ ವಿದ್ಯಾರ್ಥಿಗಳಾಗಿದ್ದವರು ತೊಡಗಿದ ಕೆಲಸವನ್ನು ಇಂದು ಹಲವು ದೇಶಗಳ ಜನ ಮುಂದುವರಿಸುತ್ತಿದ್ದಾರೆಂಬುದು ಸ್ಮರಣೀಯ. ಇದು ಚುಕ್ಕಿಯ ಚಿತ್ರಗಳಿಗೆ ತಕ್ಕದ್ದು. ೨೦೦೩ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ರೇಖೆಯ ಚಿತ್ರಗಳಿಗೆ ತಕ್ಕದ್ದು. ಎರಡೂ ಸ್ವತಂತ್ರ ತಂತ್ರಾಂಶಗಳು. ಬೆಲೆಯಿಲ್ಲ, ಹಂಚುವುದಕ್ಕೆ ತಡೆಯಿಲ್ಲ, ಜಾಲದ ಸಂಪರ್ಕವಿಲ್ಲದೆಯೂ ನಡೆಯುತ್ತವೆ. ‘ಕೋಲಸಿರ್ಸಿ’ ಎರಡರಲ್ಲಿಯೂ ಸರಿಯಾಗಿ ಮೂಡಿತು.

ಆಸ್ಟ್ರೇಲಿಯದಲ್ಲಿ ೨೦೧೩ರಲ್ಲಿ ಆರಂಭವಾದ ಕ್ಯಾನ್ವಾ ಮೊಬೈಲಿನಲ್ಲಿಯೂ ನಡೆಯುತ್ತದೆ. ಸಿದ್ಧ ಮಾದರಿಗಳಲ್ಲಿ ಹೆಸರು ತುಂಬಿದರೆ ಕ್ಷಣದಲ್ಲಿ ಕೆಲಸ ಮುಗಿಯುತ್ತದೆ. ಅವಸರಕ್ಕೆ ಒಳ್ಳೆಯದು. ಆದರೆ ಅದೇ ಮಾದರಿಯನ್ನು ಬೇರೆ ಸಾವಿರಾರು ಜನರೂ ಬಳಸಿರಬಹುದು. ಅಂಕಿತವೆಂಬುದು ಒಬ್ಬರ ಗುರುತಾಗಬೇಕಾದ್ದರಿಂದ ಸ್ವಂತ ಕೈಯಿಂದ ಮಾಡಿದ್ದೇ ಮೇಲು. ಹೊಸಬರು ಗಿಂಪಿನಿಂದ ಆರಂಭಿಸಿ, ಕೈ ಪಳಗಿದ ಮೇಲೆ ಇಂಕ್‌ಸ್ಕೇಪನ್ನು ಕಲಿಯಲಿ ಎಂಬುದು ನನ್ನ ಸೂಚನೆ.

೫. ರಚನೆಯ ಕ್ರಮ

ಈಗ ಗಿಂಪಿನಲ್ಲಿ ಒಂದು ಅಂಕಿತಚಿತ್ರವನ್ನು ಮಾಡೋಣ.

ಮೊದಲು ಕಾಗದ. ಫೈಲ್ ಪಟ್ಟಿಯಲ್ಲಿ ನ್ಯೂ ಎಂಬುದನ್ನು ಒತ್ತಿ, ಅಗಲ ೬೦೦, ಎತ್ತರ ೧೫೦ ಪಿಕ್ಸೆಲ್ ಎಂದು ಕೊಡಿರಿ. ಎತ್ತರದ ನಾಲ್ಕರಷ್ಟು ಅಗಲವಿದ್ದರೆ ಒಂದು ಸಾಲು ಹೆಸರಿಗೂ ಒಂದು ಗುರುತಿಗೂ ಸರಿಹೊಂದುತ್ತದೆ.

ಎರಡನೆಯದು ನೆಲ. ಗಣಕವು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಸೊನ್ನೆಯಿಂದ ೨೫೫ರವರೆಗಿನ ಪ್ರಮಾಣದಲ್ಲಿ ಬೆರೆಸಿ ಬಣ್ಣ ಮಾಡುತ್ತದೆ. ೧೪೦, ೫೦, ೩೦ ಎಂದು ಕೊಟ್ಟರೆ ಕೆಮ್ಮಣ್ಣಿನ ಬಣ್ಣಕ್ಕೆ ಸಮೀಪ ಬರುತ್ತದೆ. ೨೪೫, ೨೪೦, ೨೨೫ ಎಂದರೆ ಅಕ್ಕಿಹಿಟ್ಟಿನ ಬಿಳಿ. ನೆಲ ಗಾಢವಾದರೆ ಅಕ್ಷರ ತಿಳಿಯಾಗಿರಬೇಕು, ನೆಲ ತಿಳಿಯಾದರೆ ಅಕ್ಷರ ಗಾಢವಾಗಿರಬೇಕು. ಹೊಸಬರು ಹತ್ತು ಬಣ್ಣ ತುಂಬುವ ಆಶೆಗೆ ಬೀಳುತ್ತಾರೆ. ಶಿರಸಿಯ ಮಾರಿಕಾಂಬಾ ದೇವಾಲಯದಲ್ಲಿರುವ ಕಾವಿಕಲೆಯ ಚಿತ್ರಗಳನ್ನು ನೋಡಿದವರಿಗೆ, ಸುಣ್ಣದ ಬಿಳಿ ಮತ್ತು ಕಾವಿ ಎಂಬ ಎರಡೇ ಬಣ್ಣಗಳಿಂದ ಎಷ್ಟು ಹೇಳಬಹುದೆಂದು ತಿಳಿದೀತು.

ಮೂರನೆಯದು ಗುರುತು. ಫೋಟೋವನ್ನು ಹಗಲು ಬೆಳಕಿನಲ್ಲಿ, ಗೋಡೆಗೆ ನೇರವಾಗಿ ನಿಂತು ತೆಗೆದಿರಬೇಕು. ಅದರಿಂದ ಒಂದು ಸಣ್ಣ ಭಾಗವನ್ನು ಕತ್ತರಿಸಿ, ಓಪನ್ ಆ್ಯಸ್ ಲೇಯರ್ಸ್ ಎಂಬುದರಿಂದ ತಂದರೆ ಅದು ಬೇರೊಂದು ಪದರವಾಗಿ ಕೂರುತ್ತದೆ. ಪದರವೆಂದರೆ ಗಾಜಿನ ಹಾಳೆಯಂತೆ; ಮೇಲಿನದನ್ನು ಸರಿಸಿದರೂ ಅಳಿಸಿದರೂ ಕೆಳಗಿನದು ಕೆಡುವುದಿಲ್ಲ. ನೆಲ, ಗುರುತು, ಹೆಸರು ಇವು ಬೇರೆಬೇರೆ ಪದರಗಳಲ್ಲಿಯೇ ಇರಲಿ.

ನಾಲ್ಕನೆಯದು ಹೆಸರು. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡ ಮೊದಲಾದ ಯೂನಿಕೋಡ್ ಶೈಲಿಗಳು ಬೆಲೆಯಿಲ್ಲದೆ ದೊರೆಯುತ್ತವೆ. ಒಂದೇ ಶೈಲಿಯನ್ನು ಆರಿಸಿ, ಹೆಸರನ್ನು ದೊಡ್ಡದಾಗಿಯೂ ಊರನ್ನು ಅದರ ಅರ್ಧದಷ್ಟಾಗಿಯೂ ಬರೆಯಿರಿ. ಕನ್ನಡಕ್ಕೆ ಕೆಳಗಡೆ ಜಾಗ ಹೆಚ್ಚು ಬೇಕು; ಒತ್ತಕ್ಷರದ ಕಾಲು ಪಟ್ಟಿಯ ಅಂಚಿಗೆ ತಾಗಬಾರದು.

ಐದನೆಯದು ಉಳಿಸುವುದು. ಸೇವ್ ಎಂದರೆ ಗಿಂಪ್ ತನ್ನದೇ ಎಕ್ಸ್‌ಸಿಎಫ್ ರೂಪದಲ್ಲಿ ಪದರಗಳೊಡನೆ ಉಳಿಸುತ್ತದೆ. ಮುಂದೆ ತಿದ್ದಲು ಇದು ಬೇಕೇಬೇಕು. ಬೇರೆಯವರಿಗೆ ಕಳುಹಿಸಲು ಎಕ್ಸ್‌ಪೋರ್ಟ್ ಆ್ಯಸ್ ಎಂದು ಪಿಎನ್‌ಜಿ ರೂಪದಲ್ಲಿ ತೆಗೆಯಬೇಕು. ಜೆಪಿಜಿ ರೂಪವು ಗಾತ್ರ ಕುಗ್ಗಿಸುವಾಗ ಚಿತ್ರದ ಕೆಲವಂಶವನ್ನು ಬಿಟ್ಟುಬಿಡುವುದರಿಂದ ಅಕ್ಷರದ ಅಂಚಿನಲ್ಲಿ ಧೂಳು ಕುಳಿತಂತೆ ಕಾಣುತ್ತದೆ. ಅದು ಫೋಟೋಗಳಿಗೆ ತಕ್ಕದ್ದು. ೬೦೦ರಿಂದ ೧೫೦ನ್ನು ಗುಣಿಸಿದರೆ ೯೦,೦೦೦ ಚುಕ್ಕಿ. ಚುಕ್ಕಿಗೆ ಮೂರು ಬೈಟಿನಂತೆ ೨,೭೦,೦೦೦ ಬೈಟು. ಪಿಎನ್‌ಜಿಯು ಯಾವ ಅಂಶವನ್ನೂ ಕಳೆಯದೆ, ಒಂದೇ ಬಣ್ಣದ ನೆಲವನ್ನು ಚಿಕ್ಕದಾಗಿ ಬರೆದಿಟ್ಟು, ಇದನ್ನು ಬಹಳಷ್ಟು ಇಳಿಸುತ್ತದೆ.

ಕೊನೆಯದಾಗಿ, ಮಾಡಿದ್ದನ್ನು ಮೊಬೈಲಿನಲ್ಲಿ ತೆರೆದು ಕೈ ಚಾಚಿ ಹಿಡಿದು ನೋಡಿರಿ. ಹೆಸರು ಓದಲು ಬಂದರೆ ಸರಿ. ಬಾರದಿದ್ದರೆ ಅಲಂಕಾರವನ್ನು ಕಡಿಮೆ ಮಾಡಬೇಕು. ಚಿತ್ತಾರದ ಫೋಟೋದ ಮೇಲೆ ಇದನ್ನಿಡುವಾಗ ಅಂಚಿಗೆ ತೀರ ಹತ್ತಿರ ಇಡಬಾರದು, ಕತ್ತರಿಸಿದರೆ ಹೋಗುತ್ತದೆ. ನಡುವೆಯೂ ಇಡಬಾರದು, ಕೆಲಸವೇ ಮುಚ್ಚಿಹೋಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ.

೬. ನಾನು ಮಾಡಿದ ತಪ್ಪು

ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಹೋದ ವರ್ಷ ಅವ್ವನ ಬುಟ್ಟಿಯೊಂದನ್ನು ಪ್ರದರ್ಶನಕ್ಕೆ ಕೇಳಿದ್ದರು. ಬುಟ್ಟಿಯ ಕೆಳಗೆ ಇಡಲೆಂದು ನಾನು ಇಂಕ್‌ಸ್ಕೇಪಿನಲ್ಲಿ ಹೆಸರಿನ ಪಟ್ಟಿ ಮಾಡಿ, ಆ ಕಡತವನ್ನೇ ಅಚ್ಚಿಗೆ ಕೊಟ್ಟು ಬಂದೆ. ಅಚ್ಚಾಗಿ ಬಂದ ಪಟ್ಟಿಯಲ್ಲಿ ಅಕ್ಷರಗಳು ಬೇರೆಯೇ ಶೈಲಿಗೆ ತಿರುಗಿದ್ದುವು. ಅರ್ಕಾವತ್ತು ಒಂದು ಕಡೆ, ಗುಡಿಸು ಒಂದು ಕಡೆ. ಅವ್ವ ಮೊದಲ ಸಲ ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಲೆಂದು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. “ಇದು ನನ್ನದಾ?” ಎಂದು ಕೇಳಿದಳು. ಪ್ರದರ್ಶನದಲ್ಲಿ ಬುಟ್ಟಿಯ ಕೆಳಗೆ ಕೈಬರಹದ ಚೀಟಿಯನ್ನೇ ಇಟ್ಟೆವು.

ತಪ್ಪು ನನ್ನದೇ ಆಗಿತ್ತು. ನಾನು ಬಳಸಿದ ಶೈಲಿ ಅಚ್ಚಿನ ಗಣಕದಲ್ಲಿರಲಿಲ್ಲ. ಇಲ್ಲದಿದ್ದಾಗ ಅದು ತನ್ನಲ್ಲಿದ್ದುದನ್ನು ಹಾಕಿತು. ಅಚ್ಚಿಗೆ ಕೊಡುವ ಮುನ್ನ ಅಕ್ಷರಗಳನ್ನು ಆರಿಸಿ, ಪಾತ್ ಪಟ್ಟಿಯಲ್ಲಿರುವ ಆಬ್ಜೆಕ್ಟ್ ಟು ಪಾತ್ ಎಂಬುದನ್ನು ಒತ್ತಬೇಕಾಗಿತ್ತು. ಆಗ ಅಕ್ಷರಗಳು ಬರಿಯ ರೇಖೆಗಳಾಗಿ ಬದಲಾಗುತ್ತವೆ. ಯಾವ ಯಂತ್ರದಲ್ಲಿ ತೆರೆದರೂ ರೂಪ ಒಂದೇ. ಆದರೆ ಆಮೇಲೆ ಕಾಗುಣಿತ ತಿದ್ದಲು ಬಾರದು. ಆದ್ದರಿಂದ ಮೊದಲೇ ಒಂದು ಪ್ರತಿಯನ್ನು ಬೇರೆ ಇಟ್ಟುಕೊಳ್ಳಬೇಕು. ಇನ್ನೊಂದು ಮಾತು: ಅಚ್ಚಿಗೆ ಸಾಮಾನ್ಯವಾಗಿ ಅಂಗುಲಕ್ಕೆ ೩೦೦ ಚುಕ್ಕಿ ಬೇಕೆನ್ನುತ್ತಾರೆ. ಆ ಲೆಕ್ಕದಲ್ಲಿ ೬೦೦ ಪಿಕ್ಸೆಲಿನ ಪಟ್ಟಿ ಎರಡೇ ಅಂಗುಲ. ಮೊಬೈಲಿಗೆಂದು ಮಾಡಿದ್ದನ್ನು ಬ್ಯಾನರಿಗೆ ಕೊಡಲಾಗದು. ದೊಡ್ಡ ಅಚ್ಚಿಗೆ ವೆಕ್ಟರ್ ರೂಪವೇ ಸರಿ.

ಉಪಸಂಹಾರ

ಅಂಕಿತಚಿತ್ರವು ಬೀಗವಲ್ಲ. ಅಳಿಸಲೇಬೇಕೆಂದು ಹೊರಟವನು ಅಳಿಸಿಯಾನು. ಆದರೆ ತಿಳಿಯದೆ ಹಂಚುವವರೇ ಲೋಕದಲ್ಲಿ ಹೆಚ್ಚು. ಅವರ ಕೈಯಲ್ಲಿ ಹೆಸರೂ ಚಿತ್ರದೊಡನೆ ಸಾಗುತ್ತದೆ.

ಅವ್ವನ ಅಂಕಿತವನ್ನು ಕಳೆದ ತಿಂಗಳು ಮತ್ತೆ ಮಾಡಿದೆ. ಕೆಮ್ಮಣ್ಣಿನ ನೆಲ, ಅಕ್ಕಿಬಿಳಿಯ ಅಕ್ಷರ, ಎಡಕ್ಕೆ ಅವಳದೇ ಚಿತ್ತಾರದ ಒಂದು ತುಣುಕು. ತೋರಿಸಿದಾಗ ಅವ್ವ ಹೆಸರನ್ನು ಓದಿದಳು, ಊರನ್ನು ಓದಿದಳು, ಆಮೇಲೆ ಗುರುತಿನ ಮೇಲೆ ಬೆರಳಿಟ್ಟು, “ಇಲ್ಲಿ ಎಳೆ ಒತ್ತಾಯ್ತು. ಒಂದು ತೆಗಿ, ಉಸಿರಾಡ್ಲಿ” ಎಂದಳು. ತೆಗೆದೆ. ಪಟ್ಟಿ ನಿಜವಾಗಿಯೂ ತಿಳಿಯಾಯಿತು. ತಂತ್ರಾಂಶವು ಎಳೆಯನ್ನು ನೇರವಾಗಿ ಎಳೆದುಕೊಟ್ಟೀತು. ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಬಲ್ಲವರು ನಮ್ಮ ಮನೆಗಳಲ್ಲಿಯೇ ಇದ್ದಾರೆ. ಅವರ ಕೆಲಸಕ್ಕೆ ಅವರ ಹೆಸರನ್ನು ಇಡುವಷ್ಟು ವಿದ್ಯೆಯನ್ನು ನಾವು ಕಲಿತರೆ, ಅವರು ನಮ್ಮನ್ನು ಓದಿಸಿದ್ದು ಸಾರ್ಥಕ. ಸಹಪಾಠಿಗಳು ಈ ರಜೆಯಲ್ಲಿ ತಮ್ಮ ಮನೆಯ ಒಬ್ಬರಿಗಾದರೂ ಒಂದು ಅಂಕಿತವನ್ನು ಮಾಡಿಕೊಡಲಿ ಎಂದು ಕೋರಿ ಈ ಪಾಠವನ್ನು ಮುಗಿಸುತ್ತೇನೆ.